ನಾಲ್ಕನೆಯ ಜ್ವರ ಮತ್ತು ಬ್ಯಾಂಜೊ

ಫಾರ್ಮಾಲಿನ್ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟೇ ಬರುತ್ತದೆ. ಮೊನ್ನೆ ಅಪ್ಪನನ್ನು ಚಿಂತಾಮಣಿಯ ಆಸ್ಪತ್ರೆಗೆ ಸೇರಿಸಿ ಹೊರಗೆ ಕೂತಿದ್ದಾಗ ಎಲ್ಲಿಂದಲೋ ಆ ವಾಸನೆ ಬಂತು. ದಿಬ್ಬೂರಹಳ್ಳಿಯ ನಮ್ಮ ರೇಷ್ಮೆ ಹುಳುಮನೆಯನ್ನು ತೊಳೆಯುತ್ತಿದ್ದುದು ಅದರಲ್ಲೇ. ಹುಳುಮನೆಯ ನೆನಪಿನ ಹಿಂದೆಯೇ ಪಕ್ಕದ ಮನೆಯ ಬ್ಯಾಂಡ್ ಮೇಷ್ಟ್ರು ನೆನಪಾದರು…

ಬೆಂಗಳೂರಿನ ದಂಡು ಪ್ರದೇಶದ ಮದುವೆ ಬ್ಯಾಂಡಿನಲ್ಲಿದ್ದು, ವಯಸ್ಸಾದ ಮೇಲೆ ಊರಿಗೆ ಬಂದವರು. ಬರುವಾಗ ಬ್ರಿಟಿಷರ ಕಾಲದ ಬ್ಯಾಂಜೊ ಯುಕುಲೇಲೆ ತಂದಿದ್ದರು. ಕಂಜಿರಕ್ಕೆ ಹಿಡಿ ಹಾಕಿ ನಾಲ್ಕು ತಂತಿ ಬಿಗಿದ ಹಾಗಿತ್ತು. ಎಂಬತ್ತರ ದಶಕದ ಕೊನೆ, ನನಗೆ ಹದಿನೇಳು. ಕಾಲೇಜು ಬಿಡಿಸಿ ಹುಳುವಿಗೆ ಸೊಪ್ಪು ಹಾಕಲು ಕೂರಿಸಿದ್ದರು. ಎಲ್ಲರ ಮೇಲೂ ಉರಿದು ಬೀಳುತ್ತಿದ್ದೆ. ಅದನ್ನಾದರೂ ಕಲಿಸಿ ಎಂದು ಮೇಷ್ಟ್ರ ಹತ್ತಿರ ಹಟ ಹಿಡಿದೆ.

ಮೇಷ್ಟ್ರೇನು ಸಾಧು ಮನುಷ್ಯರಲ್ಲ. ಬೆರಳು ತಪ್ಪಿದರೆ ಹಿಪ್ಪುನೇರಳೆ ಕಡ್ಡಿಯಿಂದ ಗೆಣ್ಣಿಗೇ ಬಿಡುತ್ತಿದ್ದರು. ತಂತಿ ಒತ್ತಿ ಒತ್ತಿ ಬೆರಳ ತುದಿ ಒಡೆದು ರಕ್ತ ಬರುತ್ತಿತ್ತು. "ಅಳೋದಾದ್ರೆ ತಾಳಕ್ಕೆ ಅಳಮ್ಮ" ಅನ್ನುತ್ತಿದ್ದರು. ಅಳುತ್ತಲೇ ಕಲಿತೆ. ಮೋಡ ಹಿಡಿದ ದಿನ ವಾದ್ಯದ ಚರ್ಮ ಸಡಿಲವಾಗಿ ನಾದ ಏಳುತ್ತಿರಲಿಲ್ಲ. ಆಗ ನಮ್ಮ ಹುಳುಮನೆಯ ಕೆಂಡದ ಬಾಂಡಲೆಯ ಬಳಿ ಕೂತು ಕಾಯಿಸಿ ಬಾರಿಸುತ್ತಿದ್ದೆವು.

ಅದೇ ಮುಳುವಾಯಿತು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಅಲ್ಲಿ ಜೋರಾಗಿ ಮಾತೂ ಆಡಬಾರದು. ನಾಲ್ಕನೆಯ ಜ್ವರದ ದಿನ ನಾವು ಅಲ್ಲೇ ಬಾರಿಸಿದೆವು, ಮೆಲ್ಲಗೆ. ಜ್ವರದಿಂದ ಎದ್ದ ಹುಳು ಮೇವು ತಿಂದು, ಹಸಿರು ಕಕ್ಕಿ, ತಟ್ಟೆ ತಟ್ಟೆಯೇ ಸತ್ತು ಬಿತ್ತು.

ಅಪ್ಪ ಬಿದಿರಿನ ಗಳ ಕಿತ್ತುಕೊಂಡು ಮೇಷ್ಟ್ರ ಅಂಗಳಕ್ಕೆ ನುಗ್ಗಿದರು. ಏಟು ಬೀಸಿದ್ದು ವಾದ್ಯಕ್ಕೆ. ಮೇಷ್ಟ್ರು ಎಡಗೈ ಅಡ್ಡ ಹಿಡಿದರು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅವರು ಕೈ ತೆಗೆಯಲಿಲ್ಲ, ಅಪ್ಪ ನಿಲ್ಲಿಸಲಿಲ್ಲ. ನಾನು ಅಪ್ಪನ ತೋಳು ಕಚ್ಚಿ ಹಿಡಿದೆ, ಬಾಯಿ ತುಂಬ ರಕ್ತ ಬಂದರೂ ಬಿಡಲಿಲ್ಲ. ಊರವರು ನಿಂತು ನೋಡಿದರು.

ಮಾರನೆಯ ದಿನ ಹುಳು ನೋಡುವ ರೇಷ್ಮೆ ಇಲಾಖೆಯ ಸಾಹೇಬರು ಬಂದು, ಉಳಿದ ಸೊಪ್ಪು ಮೂಸಿ, ಇದು ದ್ರಾಕ್ಷಿಗೆ ಹೊಡೆಯುವ ಔಷಧಿ ಅಂದರು. ಸೊಪ್ಪು ಸಾಲದೆ ದ್ರಾಕ್ಷಿ ತೋಟದ ಬದುವಿನ ಹಿಪ್ಪುನೇರಳೆ ಸಾಲನ್ನು ಕೊಯ್ದು ತಂದದ್ದು ಅಪ್ಪನೇ. ತಲೆ ತಗ್ಗಿಸಿದರು, ಅಷ್ಟೇ. ಮೇಷ್ಟ್ರ ಮನೆ ಕಡೆ ಕಾಲಿಡಲಿಲ್ಲ.

ಮೇಷ್ಟ್ರ ಎಡಗೈ ಬೆರಳುಗಳು ಮತ್ತೆ ಮಡಚಲಿಲ್ಲ. ತಂತಿ ಒತ್ತಬೇಕಾದ ಕೈ ಅದು. ಒಂದು ದಿನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನೀನು ಒತ್ತಮ್ಮ, ನಾನು ಮೀಟ್ತೀನಿ" ಅಂದರು. ನನ್ನ ಎಡಗೈ, ಅವರ ಬಲಗೈ… ಅಪ್ಪ ಬೈದರೂ ಹೊಡೆದರೂ ಹೋಗುತ್ತಿದ್ದೆ. ತೊಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ವಾದ್ಯ ನನಗೆ ಕೊಟ್ಟುಹೋಗಿದ್ದರು. ಒಬ್ಬಳೇ ಬಾರಿಸಲು ಮನಸ್ಸೇ ಬರಲಿಲ್ಲ. ಅವರಿಲ್ಲದ್ದು ಇವತ್ತಿಗೂ ನೋಯುತ್ತದೆ.

ನಿನ್ನೆ ಅಪ್ಪ, ನಾಲಿಗೆ ಎಡವುತ್ತಾ, ಆ ವಾದ್ಯ ತಂದು ಒಂದು ಸಲ ಬಾರಿಸು ಅಂದರು.

"ಅದಕ್ಕೆ ಇಬ್ರು ಬೇಕಪ್ಪ" ಅಂದೆ.

ಅಪ್ಪ ಹೊದಿಕೆಯಿಂದ ಬಲಗೈ ಹೊರಗೆ ತೆಗೆದು ನನ್ನ ಮುಂದೆ ಚಾಚಿದರು. ಬಿದಿರು ಬೀಸಿದ ಕೈ. ನಾನು ಅದನ್ನು ಮುಟ್ಟಲಿಲ್ಲ.