ಬೀಗದೊಳಗಿನ ಪಾಸ್‌ಪೋರ್ಟ್

ನಮ್ಮ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟುಗಳು ತಯಾರಾಗುತ್ತವೆ. ಟೈರ್ ಅಂಗಡಿಯ ಮೇಲೆ ಮೂರನೆಯ ಮಹಡಿ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಪ್ಲಾಸ್ಟರಿನ ಧೂಳು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ತಕ್ಕ ಹಲ್ಲು ಮಾಡಿ ಕಳಿಸುತ್ತೇವೆ. ನಾನು ಲೋಹ ಕರಗಿಸುವ ಕುಲುಮೆಯವಳು. ಕಿಟಕಿಯ ಪಕ್ಕ ಕೂತು ಮೇಣದಲ್ಲಿ ಹಲ್ಲು ಕೂರಿಸುವವಳು ಇನ್ನೊಬ್ಬಳು. ಅದಕ್ಕೇ ಎಲ್ಲರ ಬಾಯಲ್ಲೂ ಮೇಣದಮ್ಮ. ವಯಸ್ಸು ಮೂವತ್ತಮೂರು; ಅಮ್ಮ ಅನ್ನಿಸಿಕೊಳ್ಳುವಷ್ಟೇನೂ ಅಲ್ಲ. ಆದರೆ ಕೈ ಮಾತ್ರ ಅಜ್ಜಿಯ ಹಾಗೆ ಪಳಗಿದ ಕೈ. ತಂದೆಯದೂ ಇದೇ ಕಸುಬು. ಅಕ್ಷರ ತಿದ್ದುವ ಮೊದಲೇ ಹಲ್ಲು ಜೋಡಿಸಲು ಕಲಿತವಳು.

ಈ ದೇಶಕ್ಕೆ ಅವಳು ಬಂದದ್ದು ಗಂಡನ ಬೆನ್ನಿಗೆ. ಅವನು ಔಷಧಿ ಗೋದಾಮೊಂದರಲ್ಲಿ ಮೇಲ್ವಿಚಾರಕ. ಕೆಲಸದ ವೀಸಾ ಅವನದು. ಅವಳೂ ಆರು ವರ್ಷದ ಮಗಳೂ ಅದಕ್ಕೆ ಅಂಟಿಕೊಂಡ ಬಾಲ. ಗುರುತಿನ ಚೀಟಿಯಲ್ಲಿ ಅವಳ ಹೆಸರಿನ ಕೆಳಗೆ ‘ಅವಲಂಬಿತೆ’ ಎಂದು ಅಚ್ಚಾಗಿತ್ತು. ಆ ಚೀಟಿ ಇರುವತನಕ ಅವಳು ದುಡಿಯಬಹುದು. ಮದುವೆ ಮುರಿದರೆ ಚೀಟಿಯೂ ಹೋಯಿತು.

ನಾಲ್ಕು ವರ್ಷ ಪಕ್ಕಪಕ್ಕ ಕೂತರೂ ಮನೆಯ ವಿಷಯ ಅವಳು ಬಾಯಿಬಿಟ್ಟದ್ದಿಲ್ಲ. ಬಸ್ಸಿನಲ್ಲಿ ಟಿಕೆಟ್ ತಪಾಸಣೆಯವನು ಹತ್ತಿದರೂ ಅವಳ ಮುಖ ಸುಣ್ಣವಾಗುತ್ತಿತ್ತು. ಕೈಯಲ್ಲಿ ಟಿಕೆಟ್ ಹಿಡಿದುಕೊಂಡೇ ನಡುಗುವವಳನ್ನು ನಾನು ನೋಡಿದ್ದು ಅವಳೊಬ್ಬಳನ್ನೇ. ಕೆಲಸದಲ್ಲಿ ಮಾತ್ರ ಕೈ ಅಲುಗುತ್ತಿರಲಿಲ್ಲ.

ಒಂದು ದಿನ ಅಲುಗಿತು. ಮುಂದಿನ ಹಲ್ಲೊಂದು ಸೊಟ್ಟಗೆ ಕೂತು, ಸೆಟ್ಟು ವೈದ್ಯರಿಂದ ವಾಪಸು ಬಂತು. ಲ್ಯಾಬಿನ ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಅವಳ ಮುಂದಿಟ್ಟು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಪಾತ್ರೆ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ನಾನು ಹಿಂದೆಯೇ ಹೋದೆ.

“ಏನಾಯ್ತು?”

“ಏನಿಲ್ಲ ಅಕ್ಕ.”

“ಏನಿಲ್ಲದೆ ಯಾರಾದ್ರೂ ನಲ್ಲಿ ಬಿಟ್ಕೊಂಡು ಅಳ್ತಾರಾ? ನೀರಾದ್ರೂ ಉಳಿಯಲಿ, ಹೇಳು.”

ಆಗ ಹೇಳಿದಳು. ಗಂಡ ಕೈ ಎತ್ತಿದವನಲ್ಲ. ಅವನಿಗೆ ಬೆರಳು ಎತ್ತಿದರೆ ಸಾಕಾಗಿತ್ತು. ಮಾತಿಗೆ ಮಾತು ಬೆಳೆದಾಗಲೆಲ್ಲ ಫೋನು ತೆಗೆದು ಅವಳ ಮುಖಕ್ಕೆ ಹಿಡಿಯುತ್ತಿದ್ದ. ವೀಸಾ ಕಚೇರಿಗೆ ಬರೆದಿಟ್ಟ, ಇನ್ನೂ ಕಳಿಸದ ಎರಡು ಸಾಲಿನ ಪತ್ರ ಅದರಲ್ಲಿರುತ್ತಿತ್ತು: ನನ್ನ ಹೆಂಡತಿ ಈಗ ನನ್ನ ಜೊತೆ ಬಾಳುತ್ತಿಲ್ಲ, ನನಗೂ ಅವಳಿಗೂ ಸಂಬಂಧವಿಲ್ಲ. “ಇದನ್ನ ಒತ್ತಿದ್ರೆ ನಾಳೆ ನೀನು ವಿಮಾನದಲ್ಲಿರ್ತೀಯ. ಮಗು ಇಲ್ಲೇ ಇರುತ್ತೆ,” ಅನ್ನುತ್ತಿದ್ದ. ಮೂವರ ಪಾಸ್‌ಪೋರ್ಟೂ ಅವನ ಬೀರುವಿನ ಡ್ರಾಯರಿನಲ್ಲಿ, ಬೀಗದೊಳಗೆ. ಕಳೆದ ಎರಡು ತಿಂಗಳಿಂದ ಆ ಫೋನು ವಾರಕ್ಕೆರಡು ಸಲ ಹೊರಬರುತ್ತಿತ್ತು.

“ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ, ಇದೇ ಕೊನೇ ಸಲವೇನೋ ಅನ್ಸುತ್ತೆ ಅಕ್ಕ. ದಿನಾ ಅನ್ಸುತ್ತೆ,” ಅಂದಳು.

ನಮ್ಮ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಗುರುವಾರ ಮಧ್ಯಾಹ್ನ ಒಬ್ಬ ಹೆಂಗಸು ಕೂರುತ್ತಾರೆ. ಇಪ್ಪತ್ತೆಂಟು ವರ್ಷ ವೀಸಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಅರ್ಜಿ ತುಂಬಲು ಬಾರದವರಿಗೆ ಪುಕ್ಕಟೆ ನೆರವಾಗುತ್ತಾರೆ. ಅಲ್ಲಿಗೆ ಹೋಗೋಣವೆಂದರೆ ಮೇಣದಮ್ಮ ಮೂರು ಗುರುವಾರ ತಪ್ಪಿಸಿದಳು. ಕೇಳಲು ಹೋದದ್ದೇ ಎಲ್ಲಾದರೂ ದಾಖಲಾದರೆ? ನಾಲ್ಕನೆಯ ವಾರ ಕೈಹಿಡಿದು ಎಳೆದುಕೊಂಡು ಹೋದೆ. ಮೆಟ್ಟಿಲಲ್ಲಿ ಎರಡು ಸಲ ನಿಂತಳು.

“ನಿಮ್ಮ ಹೆಸರು ನನಗೆ ಬೇಡ ತಾಯಿ, ಕೂತ್ಕೊಳ್ಳಿ,” ಅಂದರು ಗುಮಾಸ್ತೆಯಮ್ಮ. ಎಲ್ಲ ಕೇಳಿಸಿಕೊಂಡ ಮೇಲೆ ಕನ್ನಡಕ ತೆಗೆದರು. “ಇಲ್ಲಿರೋಕೆ ಒಂದೇ ಬಾಗಿಲು ಅಂತ ಯಾರು ಹೇಳಿದ್ರು? ಓದೋಕೆ ಬಂದವರಿಗೆ ಒಂದು ವೀಸಾ. ನೋಡಿ ಹೋಗೋಕೆ ಬಂದವರಿಗೆ ಇನ್ನೊಂದು, ಅದ್ರಲ್ಲಿ ದುಡಿಯೋ ಹಾಗಿಲ್ಲ, ನಿಮಗೆ ಬೇಡ. ಬಹಳ ವರ್ಷ ಇದ್ದು ನೆಲೆ ನಿಂತವರದ್ದು ಬೇರೆ. ನಿಮಗೆ ಒಪ್ಪೋದು ಕಸುಬಿನ ವೀಸಾ. ಕೈಯಲ್ಲಿ ಕಸುಬಿದೆಯಲ್ಲ.”

“ಅವರು ಆ ಪತ್ರ ಕಳಿಸಿಬಿಟ್ರೆ?”

“ಕಳಿಸಲಿ. ಕಳಿಸಿದ ತಕ್ಷಣ ಯಾರೂ ಬಂದು ವಿಮಾನ ಹತ್ತಿಸಲ್ಲ. ಕಚೇರಿಯಿಂದ ನಿಮಗೊಂದು ಕಾಗದ ಬರುತ್ತೆ, ಬೇರೆ ವೀಸಾ ನೋಡ್ಕೊಳ್ಳಿ ಅಂತ ಅರವತ್ತು ದಿನ ಕೊಡ್ತಾರೆ. ಅಂಥ ಕಾಗದ ನಾನೇ ಎಷ್ಟು ಟೈಪ್ ಮಾಡಿಲ್ಲ.”

ಮೇಣದಮ್ಮ ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದಳು. ನಂಬಿಕೆ ಬಂದಂತೆ ಕಾಣಲಿಲ್ಲ. ನಾಲ್ಕು ವರ್ಷ ಗುಮ್ಮನ ಜೊತೆ ಮಲಗಿ ಎದ್ದವಳಿಗೆ, ಗುಮ್ಮನೇ ಇಲ್ಲ ಅಂದರೆ ಹೇಗೆ ನಂಬಿಕೆ ಬರಬೇಕು?

ಬೇಕಾದದ್ದು ಇಷ್ಟು: ಯಜಮಾನರ ಪತ್ರ, ಕಸುಬಿನ ಪರೀಕ್ಷೆಯ ಪ್ರಮಾಣಪತ್ರ, ಅಸಲು ಪಾಸ್‌ಪೋರ್ಟ್. ಮಗಳನ್ನು ಜೊತೆಗೆ ಸೇರಿಸಲು ತಂದೆಯ ರುಜು. ಮೊದಲನೆಯದಕ್ಕೆ ಯಜಮಾನರು ಒಂದೇ ಮಾತು ಕೇಳಿದರು: “ಎಷ್ಟು ಪ್ರತಿ ಬೇಕು?” ಪರೀಕ್ಷೆ ಲ್ಯಾಬಿಗೆ ರಜೆಯಿದ್ದ ದಿನ ಬಿತ್ತು; ಜ್ವರವೆಂದು ಮನೆಯಲ್ಲಿ ಸುಳ್ಳು ಹೇಳಿ, ಆಸ್ಪತ್ರೆಯ ಸರದಿಯಲ್ಲಿ ಕಾಯುವ ನೆಪದಲ್ಲಿ ಹೋದಳು. ಇಬ್ಬರು ಪರೀಕ್ಷಕರ ಎದುರು ಎಂಟು ಗಂಟೆ ಕೂತು ಮೇಲಿನ, ಕೆಳಗಿನ ಇಡೀ ಸೆಟ್ಟು ಕಟ್ಟಿಕೊಟ್ಟಳು. “ಹೆದರಿಕೆ ಆಗ್ಲಿಲ್ವಾ?” ಅಂದೆ. “ಆ ಎಂಟು ಗಂಟೆ ಮಾತ್ರ ಆಗ್ಲಿಲ್ಲ,” ಅಂದಳು.

ಪ್ರಮಾಣಪತ್ರ ಆಮೇಲೆ ಅಂಚೆಯಲ್ಲಿ ಬರುವುದಿತ್ತು. ಉಳಿದದ್ದು ಪಾಸ್‌ಪೋರ್ಟು. ಗಂಡ ಇಟ್ಟುಕೊಂಡಿದ್ದಾನೆಂದು ದೂತಾವಾಸಕ್ಕೆ ದೂರು ಕೊಡಬಹುದು, ಆದರೆ ಅವರು ಮೊದಲು ಮನೆಗೇ ಫೋನು ಮಾಡುತ್ತಾರೆ ಎಂದು ಗುಮಾಸ್ತೆಯಮ್ಮ ಹೇಳಿದ್ದರು. ಅದು ಬೇಡವೇ ಬೇಡ ಅಂದಿದ್ದಳು ಅವಳು. ಡ್ರಾಯರಿನ ಕೀಲಿ ಸದಾ ಅವನ ಗೊಂಚಲಿನಲ್ಲಿ, ಗೊಂಚಲು ಸದಾ ಅವನ ಜೇಬಿನಲ್ಲಿ. ಸ್ನಾನಕ್ಕೆ ಹೋದಾಗ ಮಾತ್ರ ಅದು ಚಪ್ಪಲಿ ಗೂಡಿನ ಮೇಲೆ.

ಬಾಯಿಯ ಅಚ್ಚು ತೆಗೆಯಲು ಬಳಸುವ ಹಿಟ್ಟಿನಂಥ ಮುದ್ದೆಯನ್ನು ಒಂದು ಸಂಜೆ ಡಬ್ಬಿಯಿಂದ ಚೂರು ತೆಗೆದು ಚೀಲಕ್ಕೆ ಹಾಕಿಕೊಂಡಳು. ನಾನು ನೋಡಿಯೂ ನೋಡದ ಹಾಗಿದ್ದೆ. ಬಿಳಿ ಮುದ್ದೆಗೆ ನೀಲಿ ಮುದ್ದೆ ಕಲಸಿದರೆ ಮೂರೂವರೆ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅವನ ಸ್ನಾನ ಐದು ನಿಮಿಷ. ಲೆಕ್ಕ ಸರಿಯಾಗಿಯೇ ಇತ್ತು.

ಅವಳೇ ಹೇಳಿದಂತೆ ಹೇಳುತ್ತೇನೆ. ಕೀಲಿಯನ್ನು ಎರಡು ಮುದ್ದೆಗಳ ನಡುವೆ ಒತ್ತಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳು. ಗೋಡೆ ಗಡಿಯಾರದಲ್ಲಿ ಎರಡು ನಿಮಿಷವಾಗಿತ್ತು. ಬಚ್ಚಲಿನಲ್ಲಿ ನೀರು ನಿಂತಿತು.

“ಟವೆಲ್ ಎಲ್ಲೇ?”

ಈಗ ಬಿಡಿಸಿದರೆ ಅಚ್ಚು ಹಾಳು, ಕೀಲಿಗೂ ಅಂಟು. ಬಲಗೈ ಬೆನ್ನ ಹಿಂದೆ ಹಿಡಿದುಕೊಂಡು, ಎಡಗೈಯಲ್ಲಿ ಟವೆಲ್ ತೆಗೆದು, ಬಚ್ಚಲ ಬಾಗಿಲ ಸಂದಿಯಿಂದ ಚಾಚಿದಳು. ಒದ್ದೆ ಕೈಯೊಂದು ಬಂದು ಟವೆಲ್ ಹಿಡಿಯಿತು, ಆದರೆ ಎಳೆದುಕೊಳ್ಳಲಿಲ್ಲ.

“ಯಾಕೆ ಕೈ ನಡುಗ್ತಿದೆ?”

“ಜ್ವರ ಇನ್ನೂ ಪೂರ್ತಿ ಹೋಗಿಲ್ಲ ರೀ.”

“ಮಾತ್ರೆ ತಗೋ,” ಅಂದು ಬಾಗಿಲು ಹಾಕಿಕೊಂಡ. ಗಡಿಯಾರದಲ್ಲಿ ಮೂರೂವರೆ ನಿಮಿಷ ಆಗುವವರೆಗೆ ಕಾದಳು. ಮುದ್ದೆ ಬಿಡಿಸಿ, ಕೀಲಿಯನ್ನು ಸೆರಗಿನಿಂದ ಒರೆಸಿ, ಗೊಂಚಲನ್ನು ಮೊದಲಿದ್ದ ಹಾಗೇ ಇಟ್ಟಳು. ಮೊದಲು ಹೇಗಿತ್ತೆಂಬುದು ಮಾತ್ರ ನೆನಪಾಗಲಿಲ್ಲ. ಅವನು ಬಟ್ಟೆ ಹಾಕಿಕೊಂಡು ಗೊಂಚಲು ಜೇಬಿಗಿಳಿಸಿ ಮೆಟ್ಟಿಲಿಳಿಯುವವರೆಗೆ ಮಗಳ ಒಂದೇ ಜಡೆಯನ್ನು ಮೂರು ಸಲ ಬಿಚ್ಚಿ ಹಾಕಿದಳು.

ಅಚ್ಚಿನಿಂದ ಅವಳು ಮೇಣದ ಕೀಲಿ ಮಾಡಿದಳು. ನಾನು ಅದನ್ನು ಲೋಹಕ್ಕೆ ಇಳಿಸಿದೆ. ಕುಲುಮೆಯಿಂದ ತೆಗೆದು ತಟ್ಟೆಯಲ್ಲಿಟ್ಟಿದ್ದಾಗ ಯಜಮಾನರು ಬೆನ್ನ ಹಿಂದೆ ನಿಂತಿದ್ದರು.

“ಇದು ಯಾವ ರೋಗಿಯ ಹಲ್ಲು?”

ಅವರು ಎತ್ತಿ ತಿರುಗಿಸಿ ನೋಡಿದರು. “ಅಂಚು ಒರಟಾಗಿದೆ. ಚೆನ್ನಾಗಿ ಉಜ್ಜಿ. ಸಿಕ್ಕಿಹಾಕ್ಕೊಂಡ್ರೆ ಕಷ್ಟ,” ಅಂದು ತಮ್ಮ ಕೋಣೆಗೆ ಹೋದರು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಹೋದಳು. ಗಂಡ ಕೆಲಸಕ್ಕೆ, ಮಗಳು ಶಾಲೆಗೆ. ಮಧ್ಯಾಹ್ನ ನನಗೆ ಫೋನು ಬಂತು.

“ಸಿಕ್ತಾ?”

“ಸಿಕ್ತು ಅಕ್ಕ. ಜೊತೆಗೆ ಒಂದು ಕಾಗದ ಇದೆ. ಇವರ ವೀಸಾನೇ ಇಲ್ಲ ಅಕ್ಕ.”

ಗೋದಾಮಿನವರ ಪರವಾನಗಿ ರದ್ದಾಗಿ, ಅವನ ವೀಸಾ ನವೀಕರಣಕ್ಕೆ ನಾಲ್ಕು ತಿಂಗಳ ಹಿಂದೆಯೇ ಇಲ್ಲವೆಂದಿದ್ದರು. ಮೇಲ್ಮನವಿಯೂ ಬಿದ್ದುಹೋಗಿತ್ತು. ಅವನು, ಅವನ ಮೇಲೆ ಅವಲಂಬಿತರಾದವರು, ಎಲ್ಲರೂ ದೇಶ ಬಿಡಲು ಕೊನೆಯ ದಿನಾಂಕ ಕೊಟ್ಟಿದ್ದರು. ಅದಕ್ಕೆ ಉಳಿದದ್ದು ಇಪ್ಪತ್ತಮೂರು ದಿನ. ಆ ನಾಲ್ಕು ತಿಂಗಳೂ ದಿನಾ ಬೆಳಿಗ್ಗೆ ಚೀಲ ತಗುಲಿಸಿಕೊಂಡು ಅವನು ಎಲ್ಲಿಗೆ ಹೋಗುತ್ತಿದ್ದನೋ ದೇವರೇ ಬಲ್ಲ. ಫೋನು ತೋರಿಸಿ ಹೆದರಿಸುತ್ತಿದ್ದವನ ಕಾಲ ಕೆಳಗೇ ನೆಲ ಇರಲಿಲ್ಲ.

ಗುಮಾಸ್ತೆಯಮ್ಮ ಅರ್ಜಿಯನ್ನು ತಾವೇ ತುಂಬಿದರು. ಒಂದು ಖಾನೆಗೆ ಬಂದಾಗ ಪೆನ್ನು ನಿಲ್ಲಿಸಿದರು. “ಗಂಡನನ್ನ ನಿಮ್ಮ ಅವಲಂಬಿತ ಅಂತ ಸೇರಿಸ್ತೀರಾ? ಸೇರಿಸಬಹುದು.”

ಮೇಣದಮ್ಮ ಆ ಖಾನೆಯ ಮೇಲೆ ಬೆರಳಿಟ್ಟಳು. “ಸೇರಿಸಿದ್ರೆ, ಜಗಳ ಆದಾಗೆಲ್ಲ ನನಗೂ ಆ ಮಾತು ನಾಲಿಗೆ ತುದಿಗೆ ಬರುತ್ತೆ. ಅವರ ಜಾಗದಲ್ಲಿ ನಾನು ಕೂರೋದು ಬೇಡ,” ಅಂದಳು. “ಬೇಡ ಅಂತ ಬರೀರಿ.”

ಆದರೆ ಮಗಳಿಗಾಗಿ ಅವನ ರುಜು ಬೇಕೇ ಬೇಕು. ಒಬ್ಬಳೇ ಹೋಗಬಾರದೆಂದು ಗುಮಾಸ್ತೆಯಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಭಾನುವಾರ ಬೆಳಿಗ್ಗೆ ನಾನೂ ಹೋದೆ. ಮಗಳನ್ನು ಪಕ್ಕದ ಮನೆಗೆ ಕಳಿಸಿ, ಹೊರಬಾಗಿಲು ತೆರೆದೇ ಇಟ್ಟು, ಆ ಕಾಗದವನ್ನೂ ಅರ್ಜಿಯನ್ನೂ ಅವನ ಮುಂದೆ ಮೇಜಿನ ಮೇಲಿಟ್ಟಳು.

ಅವನು ಮೊದಲು ಕಾಗದ ನೋಡಿದ, ಆಮೇಲೆ ಬೀರು ನೋಡಿದ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುನಿಂತ. ನಾನು ಬಾಗಿಲ ಕಡೆ ಸರಿದೆ. ಮೇಣದಮ್ಮ ಕದಲಲಿಲ್ಲ. ಧೈರ್ಯದಿಂದಲ್ಲ, ಕಾಲು ಬರಲಿಲ್ಲವೆಂದು ಆಮೇಲೆ ಹೇಳಿದಳು.

“ಕಳ್ಳಿ,” ಅಂದ.

“ನನ್ನ ಪಾಸ್‌ಪೋರ್ಟ್ ನಾನೇ ತಗೊಂಡೆ ರೀ.”

“ಈಗಲೇ ಕಳಿಸ್ತೀನಿ,” ಅಂದು ಫೋನಿಗೆ ಕೈ ಹಾಕಿದ.

“ಕಳಿಸಿ. ಹೇಗೂ ಇಪ್ಪತ್ತು ದಿನಕ್ಕೆ ಮೂವರೂ ಹೋಗೋದೇ. ನೀವು ಇಲ್ಲಿ ರುಜು ಹಾಕಿದ್ರೆ ಅವಳ ಶಾಲೆ ಉಳಿಯುತ್ತೆ. ಅಷ್ಟೇ ಕೇಳೋದು.”

ಫೋನು ಕೈಯಲ್ಲೇ ಇತ್ತು. ಅವನು ಗೋಡೆಗೆ ಅಂಟಿಸಿದ್ದ ಮಗಳ ಚಿತ್ರಗಳ ಕಡೆ ನೋಡುತ್ತ ನಿಂತ. ಆಮೇಲೆ ಬಿದ್ದ ಕುರ್ಚಿಯನ್ನು ತಾನೇ ಎತ್ತಿ ಕೂತ.

“ನನ್ನ ಹೆಸರು ಸೇರಿಸೋಕೆ ಆಗಲ್ವಾ?”

“ಆಗುತ್ತೆ,” ಅಂದಳು. ಸುಳ್ಳು ಹೇಳಬಹುದಿತ್ತು. “ನಾನೇ ಬೇಡ ಅಂದೆ.”

ಅವನ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ ನಾಚಿಕೆಗೋ ನನಗೆ ತಿಳಿಯಲಿಲ್ಲ. ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡು “ಪೆನ್ನು ಕೊಡು” ಅಂದ. ರುಜು ಹಾಕಿ ಪೆನ್ನನ್ನು ಮೇಜಿನ ಮೇಲಿಟ್ಟ.

ಕೊನೆಯ ದಿನಕ್ಕೆ ನಾಲ್ಕು ದಿನವಿರುವಾಗ ಪರೀಕ್ಷೆಯ ಪ್ರಮಾಣಪತ್ರ ಬಂತು. ಅಂದೇ ಅರ್ಜಿ ಹೋಯಿತು; ಉತ್ತರ ಬರುವವರೆಗೆ ತಾಯಿ ಮಗಳು ಇಲ್ಲೇ ಇರಬಹುದಿತ್ತು. ಅವನು ಮೂರನೆಯ ದಿನ ಒಂದೇ ಪೆಟ್ಟಿಗೆ ಹಿಡಿದು ಊರಿಗೆ ಹೊರಟ. ಮೇಣದಮ್ಮ ಮಗಳನ್ನೂ ಕರೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿ ಅವನನ್ನು ಕಳಿಸಿಬಂದಳು. ಈಗ ಅವನು ಅಲ್ಲೊಂದು ಅಂಗಡಿಯಲ್ಲಿದ್ದಾನೆ, ವಾರಕ್ಕೊಮ್ಮೆ ಮಗಳೊಂದಿಗೆ ಫೋನಿನಲ್ಲಿ ಮಾತಾಡುತ್ತಾನೆ.

ಉತ್ತರ ಬರಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಅವಳು ಸೊರಗಿ ಅರ್ಧವಾದಳು. ಕೊನೆಗೆ ಲಕೋಟೆ ಲ್ಯಾಬಿನ ವಿಳಾಸಕ್ಕೆ ಬಂದಾಗ ಒಡೆಯಲಾಗದೆ ನನ್ನ ಕೈಗಿಟ್ಟಳು. ತಾಯಿ ಮಗಳಿಬ್ಬರಿಗೂ ಮೂರು ವರ್ಷದ ವೀಸಾ. ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದಳು. ಮತ್ತೆ ಓದಿದೆ.

ಅಂದು ಮಗಳನ್ನು ನಾನು ನನ್ನ ಮನೆಗೆ ಕರೆದೊಯ್ದೆ, ಮೇಣದಮ್ಮನನ್ನು ಅವಳ ಮನೆಗೆ ಮಲಗಲು ಕಳಿಸಿದೆ. ಮಾರನೆಯ ಮಧ್ಯಾಹ್ನ ಮಗಳೂ ನಾನೂ ಹೋಗಿ ಬಾಗಿಲು ತಟ್ಟಿದಾಗಲೇ ಅವಳಿಗೆ ಎಚ್ಚರವಾದದ್ದು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಬಾಗಿಲು ತೆರೆದವಳು ನಮ್ಮ ಹಿಂದೆ ಮೆಟ್ಟಿಲ ಕಡೆ ಇಣುಕಿದಳು.

“ನಾನು ಮಲಗಿದ್ದಾಗ ಕಚೇರಿಯಿಂದ ಯಾರಾದ್ರೂ ನನ್ನ ಕೇಳ್ಕೊಂಡು ಬಂದಿದ್ರಾ ಅಕ್ಕ?”

“ಯಾರೂ ಬಂದಿಲ್ಲ ಕಣೇ,” ಅಂದೆ. “ನಾವೇ ಬಂದಿರೋದು. ಒಳಗೆ ಬಿಡು.”