ಟೈಲರಮ್ಮ ಡಯಾಲಿಸಿಸ್ ಕಲಿತದ್ದು

ಗಂಡನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದಾಗ ಟೈಲರಮ್ಮ ಅಳಲಿಲ್ಲ. ಇನ್ನು ಡಯಾಲಿಸಿಸ್ ಆಗಲೇಬೇಕು, ಅದನ್ನು ಮನೆಯಲ್ಲೇ ಮಾಡಿಕೊಳ್ಳುವ ದಾರಿಯೂ ಇದೆ ಎಂದಾಗ ಗಟ್ಟಿಯಾಗಿಯೇ ತಲೆಯಾಡಿಸಿದಳು. ಆದರೆ "ಯಾರು ಕಲೀತೀರಿ?" ಎಂದು ಅವರು ಕೇಳಿದ್ದೇ ತಡ, ಗಂಡ ಹಿಂದೆಮುಂದೆ ನೋಡದೆ "ಇವಳೇ" ಅಂದುಬಿಟ್ಟ. ಅವಳು ತನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು.

ಬೇರೆ ಯಾರಿದ್ದರು? ಗಂಡ ಗಡಿಯಾರ ರಿಪೇರಿಯವನು, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದ. ಜೊತೆಯಲ್ಲೇ ಇದ್ದ ನಾದಿನಿ ಬೆಳಗಾದರೆ ಬ್ಯಾಂಕಿಗೆ ಓಡುವವಳು. ಆದರೂ ಮನೆಗೆ ಬಂದ ಮೇಲೆ ನಾದಿನಿ ಅಣ್ಣನನ್ನು ಪಕ್ಕಕ್ಕೆ ಕರೆದು, ಅತ್ತಿಗೆಯ ಕೈಯಲ್ಲಿ ಇದೆಲ್ಲ ಆಗುತ್ತಾ, ಒಂದು ಹೋಗಿ ಒಂದಾದರೆ ಏನು ಗತಿ ಎಂದು ಕೇಳಿದ್ದು ಅಡುಗೆಮನೆಯಲ್ಲಿದ್ದ ಟೈಲರಮ್ಮನ ಕಿವಿಗೂ ಬಿತ್ತು. ಅವಳಿಗೆ ಸಿಟ್ಟು ಬರಲಿಲ್ಲ. ನಾದಿನಿ ಹೇಳಿದ್ದು ಸರಿ ಅನ್ನಿಸಿತು.

ಚಿಕ್ಕಂದಿನಿಂದ ಅವಳು ಕೇಳಿಕೊಂಡು ಬಂದದ್ದೂ ಅದೇ. ದೊಡ್ಡವಳಿಗೆ ತಲೆ ಕೊಟ್ಟ ದೇವರು ಚಿಕ್ಕವಳಿಗೆ ಬರೀ ಕೈ ಕೊಟ್ಟ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅಪ್ಪ ಹೋಗಿ ಎಷ್ಟೋ ಕಾಲವಾದರೂ ತನ್ನನ್ನು ಹೀಗಳೆಯುವ ಆ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಳು. ತೋಳು ತಿರುಗುಮುರುಗಾಗಿ ಹೊಲಿದರೆ ದಡ್ಡಿ, ಬಸ್ಸು ತಪ್ಪಿದರೆ ದಡ್ಡಿ, ಹಾಲು ಉಕ್ಕಿದರೂ ದಡ್ಡಿ. ಯಾರೂ ಬೈಯದಿದ್ದರೂ ದಿನಕ್ಕೊಂದಿಷ್ಟು ಬೈಗುಳ ಅವಳಿಗೆ ಅವಳಿಂದಲೇ ಸಂದಾಯವಾಗುತ್ತಿತ್ತು.

ಆಸ್ಪತ್ರೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಕಲಿಕೆ ಶುರುವಾಯಿತು. ಮೇಜಿನ ಮೇಲೆ ಹೊಟ್ಟೆಯ ಆಕಾರದ ಒಂದು ಬೊಂಬೆ, ಅದರಿಂದ ಹೊರಬಂದ ಕೊಳವೆ. ಚೀಲದ ದ್ರವವನ್ನು ಆ ಕೊಳವೆಯಿಂದ ಹೊಟ್ಟೆಯೊಳಕ್ಕೆ ಬಿಡಬೇಕು. ಕೆಲವು ಗಂಟೆ ಬಿಟ್ಟು, ಕೊಳೆ ಹೀರಿಕೊಂಡ ಅದನ್ನು ಹೊರಗೆ ಹರಿಸಿ, ಹೊಸದನ್ನು ತುಂಬಬೇಕು. ಕೆಲಸ ಇಷ್ಟೇ. ಆದರೆ ಮುಚ್ಚಳ ತೆಗೆದ ಮೇಲೆ ಕೊಳವೆಯ ತುದಿಗೆ ಬೆರಳಾಗಲಿ ಬಟ್ಟೆಯಾಗಲಿ ತಾಕಕೂಡದು. ತಾಕಿದರೆ ಹೊಟ್ಟೆಯೊಳಗೆ ಸೋಂಕು, ಜೀವಕ್ಕೇ ಸಂಚಕಾರ. ಹಿರಿಯ ನರ್ಸು ಅದನ್ನು ಮೆಲುದನಿಯಲ್ಲೇ ಹೇಳಿದರು. ಟೈಲರಮ್ಮನಿಗೆ ಮಾತ್ರ ಆಮೇಲೆ ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ.

ಸೂಜಿಗೆ ದಾರ ಪೋಣಿಸಲು ಕನ್ನಡಕವನ್ನೂ ಕೇಳದ, ಹುಡುಗಿಯರಿಗೆ ಹೊಲಿಗೆ ಕಲಿಸುವ ಕೈಗಳು ಅಲ್ಲಿ ತಡಬಡಾಯಿಸಿದವು. ಮೊದಲು ಯಾವ ಕ್ಲಿಪ್ಪು, ಆಮೇಲೆ ಯಾವುದು ಎಂಬುದೇ ಮರೆತುಹೋಗುತ್ತಿತ್ತು. ಒಂದು ಸಲ ಬೊಂಬೆಯ ಕೊಳವೆ ಜಾರಿ ನೆಲಕ್ಕೇ ಬಿತ್ತು. ಅವಳ ತುಟಿ ಅಲುಗಿದ್ದನ್ನು ನರ್ಸು ನೋಡಿ ಏನಂದುಕೊಂಡಿರಿ ಎಂದು ಕೇಳಿದರು. ದಡ್ಡಿ ಅಂದುಕೊಂಡೆ ಎಂದು ಅವಳು ನಾಚಿಕೊಂಡು ಒಪ್ಪಿಕೊಂಡಳು.

"ನಿಮ್ಮ ಹತ್ರ ಹೊಲಿಗೆ ಕಲಿಯೋಕೆ ಬರೋವ್ರಿಗೂ ಹೀಗೇ ಅಂತೀರಾ?" ಎಂದರು ನರ್ಸು.

"ಅಯ್ಯೋ, ಅವ್ರಿಗೆ ಯಾಕಂತೀನಿ ಸಿಸ್ಟರ್? ಬಿಚ್ಚಿ ಇನ್ನೊಂದ್ಸಲ ಹೊಲಿ ಅಂತೀನಿ, ಅಷ್ಟೇ."

"ಮತ್ತೆ ನಿಮಗೂ ಅಷ್ಟೇ ಹೇಳ್ಕೊಳ್ಳಿ."

ಅಂದು ಸಂಜೆ ಅವಳು ಕನ್ನಡಿಯ ಮುಂದೆ ನಿಂತು, ನಾನು ಜಾಣೆ, ನನಗೆಲ್ಲ ಬರುತ್ತೆ ಎಂದು ಹತ್ತಾರು ಸಲ ಹೇಳಿಕೊಂಡಳು. ಹೇಳಿದಷ್ಟೂ ಅಳುಕು ಹೆಚ್ಚಾಯಿತು. ಮರುದಿನ ಕೊಳವೆ ಮತ್ತೆ ಜಾರಿ ಬಿದ್ದಾಗ, ಕನ್ನಡಿ ಮುಂದೆ ಜಾಣೆ ಅಂತ ಹೇಳಿಕೊಂಡೆ, ನಿಮ್ಮ ಮಾತೂ ನನಗೆ ಹಿಡಿಯಲಿಲ್ಲ ಎಂದು ನರ್ಸಿನ ಮುಂದೆ ಒಪ್ಪಿಕೊಂಡಳು.

ನರ್ಸು ನಕ್ಕರು. "ಸುಳ್ಳು ಹೇಳ್ಕೊಂಡ್ರೆ ಮನಸ್ಸು ನಂಬಲ್ಲ ಅಮ್ಮ. ನಿಜಾನೇ ಹೇಳ್ಕೊಳ್ಳಿ. ಇನ್ನೂ ಬಂದಿಲ್ಲ, ಕಲೀತಿದೀನಿ. ಇದು ನಿಜ ತಾನೇ?"

ನಿಜವೇ. ಅದನ್ನು ಅಲ್ಲಗಳೆಯಲು ಒಳಗಿನ ದನಿಗೂ ದಾರಿಯಿರಲಿಲ್ಲ. ಅಂದಿನಿಂದ ಅವಳು ಬಾಯಿಬಿಟ್ಟು ಹೇಳಿಕೊಳ್ಳುತ್ತಲೇ ಕೆಲಸ ಮಾಡಿದಳು: ಕೈ ತೊಳೆದೆ, ಒರೆಸಿದೆ, ಈಗ ಈ ಕ್ಲಿಪ್ಪು, ಆತುರ ಬೇಡ, ಈಗ ಮುಚ್ಚಳ. ತಪ್ಪಿದರೆ, ಬಿಚ್ಚಿ ಇನ್ನೊಂದು ಸಲ. ಭಯ ಇದ್ದಲ್ಲೇ ಇತ್ತು. ಆದರೆ ಅದರ ಗದ್ದಲದ ನಡುವೆಯೂ ಮುಂದಿನ ಕೆಲಸ ಯಾವುದೆಂದು ಕೇಳಿಸತೊಡಗಿತು. ಕೊನೆಗೊಂದು ದಿನ ನರ್ಸು ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡು ನಿಂತು ಪೂರ್ತಿ ನೋಡಿ, ಇನ್ನು ಮನೆಗೆ ಹೋಗಬಹುದು ಎಂದರು.

ಮನೆಯಲ್ಲಿ ಬೊಂಬೆಯಿರಲಿಲ್ಲ, ಹೊಟ್ಟೆಗೆ ಕೊಳವೆ ಹಾಕಿಸಿಕೊಂಡು ಬಂದ ಗಂಡನಿದ್ದ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಅವಳು ಗೊಣಗುವುದನ್ನು ಕೇಳಿ ಅವನು, ಅರ್ಚಕರು ಬಂದ ಹಾಗಿದೆ, ದಕ್ಷಿಣೆ ಎಷ್ಟು ಎಂದು ರೇಗಿಸುತ್ತಿದ್ದ. ಅವಳು ನಗುತ್ತಿರಲಿಲ್ಲ. ಹರಿದುಬಂದ ದ್ರವ ತಿಳಿಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವವರೆಗೂ ಅವಳು ಕೂರುತ್ತಲೂ ಇರಲಿಲ್ಲ; ಕದಡಿದ್ದರೆ ಸೋಂಕೆಂದು ನರ್ಸು ಹೇಳಿದ್ದರು.

ಒಂದು ಬೆಳಿಗ್ಗೆ ಅವಳು ಗಂಡನ ಕೊಳವೆಯ ಮುಚ್ಚಳ ತೆಗೆದಿದ್ದಳಷ್ಟೇ, ಬಾಗಿಲ ಗಂಟೆ ಹೊಡೆದುಕೊಂಡಿತು. ಯಾರೋ ರವಿಕೆ ಕೇಳಲು ಬಂದಿರಬೇಕು. ಬೆಚ್ಚಿ ಕೈ ಅಲುಗಿತು. ಕೊಳವೆಯ ತುದಿ ಅವಳ ತೋಳಿನ ಬಟ್ಟೆಗೆ ತಾಕಿತು. ತಾಕಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ.

ಗಂಡ ಕಣ್ಣು ಮುಚ್ಚಿ ಒರಗಿದ್ದ. ನೋಡಿದವರು ಯಾರೂ ಇಲ್ಲ. ಹಳೆಯ ದನಿ ಒಳಗಿನಿಂದ ನುಗ್ಗಿ ಬಂತು: ದಡ್ಡಿ, ಕೊನೆಗೂ ಮಾಡಿದೆಯಲ್ಲ. ಅದರ ಹಿಂದೆಯೇ ಇನ್ನೊಂದು, ನಯವಾದ ದನಿ: ತಾಕಿರಲಾರದು, ಮುಂದುವರಿಸು, ನಾದಿನಿಗೆ ಗೊತ್ತಾದರೆ ಮಾನ ಹೋಗುತ್ತದೆ. ಹೊಸ ಚೀಲದ ಕೊಳವೆ ಎಡಗೈಯಲ್ಲಿ ಸಿದ್ಧವಾಗಿತ್ತು.

"ತಾಕ್ತು," ಎಂದಳು ಅವಳು, ತನಗೇ ಕೇಳಿಸುವ ಹಾಗೆ. "ನಿಲ್ಲು. ಜೋಡಿಸ್ಬೇಡ. ಮುಂದೆ ಏನು? ಹೊಸ ಮುಚ್ಚಳ. ಆಮೇಲೆ ಫೋನು."

ಗಂಡ ಕಣ್ಣು ತೆರೆದ. "ಏನಾಯ್ತೇ?"

"ತಪ್ಪಾಯ್ತು ರೀ. ಆಸ್ಪತ್ರೆಗೆ ಹೋಗೋಣ, ಏಳಿ."

ಆಸ್ಪತ್ರೆಯಲ್ಲಿ ಕೊಳವೆಯ ಹೊರತುಂಡನ್ನು ಬದಲಾಯಿಸಿದರು, ಔಷಧಿ ಕೊಟ್ಟರು, ದ್ರವವನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ಅವಳಿಗೆ ಅನ್ನ ಸೇರಲಿಲ್ಲ. ಗಂಡ ಕೆಮ್ಮಿದರೆ ಹಣೆ ಮುಟ್ಟಿ ನೋಡುವಳು, ಮಗ್ಗುಲಾದರೆ ಹೊಟ್ಟೆ ನೋಯುತ್ತಾ ಎಂದು ಕೇಳುವಳು. ನಾದಿನಿ ಬ್ಯಾಂಕಿಗೆ ರಜೆ ಹಾಕಿ ಅಣ್ಣನ ಪಕ್ಕದಲ್ಲೇ ಕೂತಳು.

ಸೋಂಕು ತಗುಲಿರಲಿಲ್ಲ. ಹಾಗೇ ಜೋಡಿಸಿ ಸುಮ್ಮನಾಗಿದ್ದರೆ ಕಥೆಯೇ ಬೇರೆಯಾಗಬಹುದಿತ್ತು, ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ, ನಿಂತು ಹೇಳುವವರು ಕಡಿಮೆ ಎಂದು ಡಾಕ್ಟರು ನಾದಿನಿಯ ಎದುರಿಗೇ ಹೇಳಿದರು. ಟೈಲರಮ್ಮನಿಗೆ ಹೆಮ್ಮೆಯೇನೂ ಆಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತಳು.

ಮುಂದಿನ ರಜಾದಿನ ನಾದಿನಿ ತಾನಾಗಿಯೇ ಕೋಣೆಗೆ ಬಂದು, ನಿನಗೆ ಹುಷಾರು ತಪ್ಪಿದ ದಿನ ಬೇಕಾಗುತ್ತೆ, ನನಗೂ ಹೇಳಿಕೊಡು ಎಂದಳು. ಇಬ್ಬರೂ ಬಚ್ಚಲಿನ ನಲ್ಲಿಯ ಮುಂದೆ ನಿಂತರು. ಬ್ಯಾಂಕಿನಲ್ಲಿ ಕಂತೆಗಟ್ಟಲೆ ನೋಟು ಎಣಿಸುವ ನಾದಿನಿಯ ಬೆರಳುಗಳಿಂದ ಸೋಪು ಎರಡು ಸಲ ಜಾರಿ ಬಿತ್ತು.

"ಅತ್ತಿಗೆ, ನಂಗೆ ಭಯ ಆಗ್ತಿದೆ."

"ನಂಗೂ ಆಗತ್ತೆ, ದಿನಾ," ಎಂದಳು ಟೈಲರಮ್ಮ. "ಭಯ ಆಗ್ತಿದೆ ಅಂತ ಹೇಳ್ಕೊಂಡೇ ಕೈ ತೊಳಿ. ಬೆರಳ ಸಂದಿ ಬಿಡ್ಬೇಡ."