ಐದನೇ ಜ್ವರ

ದೆವ್ವ, ದೃಷ್ಟಿ, ಹಲ್ಲಿಶಕುನ ಇವ್ಯಾವುದನ್ನೂ ನಾನು ನಂಬಿದವನಲ್ಲ. ನಂಬುತ್ತಿದ್ದುದು ವಿಶ್ವವಿದ್ಯಾಲಯವನ್ನು. ಎರಡರಲ್ಲಿ ಯಾವುದು ದೊಡ್ಡ ಮೂಢನಂಬಿಕೆ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಕೆಲವು ವರ್ಷಗಳ ಹಿಂದಿನ ಮಾತು. ರೇಷ್ಮೆಹುಳುವಿನ ಸಪ್ಪೆ ರೋಗಕ್ಕೆ ನಮ್ಮ ಪ್ರೊಫೆಸರರು ಒಂದು ಪುಡಿ ಕಂಡುಹಿಡಿದಿದ್ದರು. ಅದರ ಪರೀಕ್ಷೆಗೆ ಸಾದಲಿಯ ನಾರಾಯಣಮ್ಮ ತಮ್ಮ ಹುಳುಮನೆಯನ್ನೇ ಬಿಟ್ಟುಕೊಟ್ಟಿದ್ದರು. ಎಡಗಡೆಯ ತಟ್ಟೆಗಳಿಗೆ ಪುಡಿ, ಬಲಗಡೆಯವಕ್ಕೆ ಇಲ್ಲ; ಎರಡೂ ಕಡೆ ಹಾಗೆಂದು ಚೀಟಿ ಅಂಟಿಸಿತ್ತು. ಲೆಕ್ಕ ಬರೆದುಕೊಳ್ಳಲು ನಾನು.

ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅದರ ಆಯುಸ್ಸಿನಲ್ಲಿ ಜ್ವರ ನಾಲ್ಕೇ ಸಲ. ನಾಲ್ಕನೆಯದು ಮುಗಿದ ಮೇಲೆ ಗೂಡು ಕಟ್ಟುವ ತನಕ ಬರೀ ಮೇಯುವುದೇ. ಆ ಹೊತ್ತಿಗೆ ಪುಡಿ ಹಾಕಿದ ಹುಳುಗಳು ಕೊಳೆತು ನಾರುತ್ತಿದ್ದವು. ಪುಡಿ ಕಾಣದವು ಜಡಿಮಳೆಯ ಹಾಗೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು.

ಸುದ್ದಿ ಕೇಳಿ ಪ್ರೊಫೆಸರರು ಫೋನಿನಲ್ಲೇ ಸಂತಾಪ ಸೂಚಿಸಿದರು. ಆಮೇಲೆ, "ಚೀಟಿ ಅದಲುಬದಲು ಮಾಡಿ ಒಂದು ಫೋಟೋ ಕಳಿಸ್ರೀ. ನಾಳೆ ಸಮಿತಿ ಇದೆ" ಎಂದರು. ಸಮಿತಿ ಒಪ್ಪಿದರೆ ಆ ಪುಡಿ ಹೋಬಳಿಯ ಮನೆಮನೆಗೂ ಹೋಗುತ್ತಿತ್ತು. ಗೊತ್ತಿದ್ದೂ ಬದಲಾಯಿಸಿದೆ. ನನ್ನ ಪಿಎಚ್‌ಡಿ ಅವರ ಒಂದು ಸಹಿಗೆ ಕಾದು ಕೂತಿತ್ತು. ಮಟಮಟ ಮಧ್ಯಾಹ್ನ, ಬಲಗಡೆ ನಿಂತು ಫೋಟೋ ತೆಗೆದೆ, ಕಳಿಸಿದೆ.

ಸದ್ದು ನಿಂತುಹೋಗಿರುವುದು ಆಗ ಗಮನಕ್ಕೆ ಬಂತು.

ಜಗಲಿಯಲ್ಲಿ ಸೊಪ್ಪು ಕತ್ತರಿಸುತ್ತಿದ್ದ ನಾರಾಯಣಮ್ಮ ಕುಡುಗೋಲು ಹಿಡಿದುಕೊಂಡೇ ಓಡಿಬಂದರು. "ಸದ್ಯಾಕ್ ನಿಂತೋಯ್ತು ಸಾರ್?" ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ, ಕಲ್ಲಿನ ಹಾಗೆ ಕೂತಿದ್ದವು. ತಾಜಾ ಸೊಪ್ಪು ಹಾಗೇ ಬಿದ್ದಿತ್ತು. "ಅಯ್ಯೋ ದೇವುಡಾ! ಐದ್ನೇ ಜ್ವರ ಎಲ್ಲಾನಾ ಐತಾ?" ಎಂದವರ ಕಣ್ಣು ಚೀಟಿಯ ಮೇಲೆ ಬಿತ್ತು. ಓದಿದರು. ಎಡಗಡೆಯದನ್ನೂ ಓದಿದರು.

"ಇದು ನಿನ್ ಕೆಲ್ಸಾನಾ? ಓದ್ಕೊಂಡೋನು ಕಣಪ್ಪ ನೀನು! ಮೊದ್ಲು ಇದ್ದಂಗೆ ಅಂಟಿಸು."

ಸಾರ್ ಹೋಗಿ ಅಪ್ಪ ಆಗಿದ್ದೆ. ಅಂಟಿಸಿದೆ. ಒಂದು ಮೂಲೆಯಲ್ಲಿ ಹನಿ ಬಿದ್ದ ಹಾಗೆ ಶುರುವಾಗಿ, ಮನೆ ತುಂಬ ಸದ್ದು ಮರಳಿತು. ಒಮ್ಮೆ ಕಂಡದ್ದನ್ನು ವಿಜ್ಞಾನ ಒಪ್ಪುವುದಿಲ್ಲವಲ್ಲ, ಶಾಸ್ತ್ರೋಕ್ತವಾಗಿ ಇನ್ನೊಮ್ಮೆ ಬದಲಾಯಿಸಿದೆ. ಮತ್ತೆ ನಿಂತಿತು. ಸರಿಪಡಿಸಿದೆ, ಮತ್ತೆ ಶುರುವಾಯಿತು. ಮೂರನೇ ಸಲ ಚೀಟಿಗೆ ಕೈ ಹಾಕಿದಾಗ ಆಕೆ ನನ್ನ ಕೈಗೇ ಹೊಡೆದರು. "ಅರ್ಧ ಬೆಳೆ ನಿನ್ ಪುಡೀಗ್ ಹೋಯ್ತು. ಉಳಿದಿದ್ದನ್ನ ಚೀಟೀಲಿ ಕೊಲ್ತೀಯಾ?"

ಕೈಯ ವಾಸನೆಯೋ, ಗಾಳಿಯೋ, ಸೆಕೆಯೋ ಎಂದು ಆಮೇಲೆ ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಯಾವ ವಿವರಣೆಯೂ ನಿಲ್ಲಲಿಲ್ಲ. ಉಳಿದ ಹುಳುಗಳು ಗೂಡು ಕಟ್ಟಿದವು. ಆ ಪುಡಿಯನ್ನು ಮುಟ್ಟಬೇಡಿ ಎಂದು ನಾರಾಯಣಮ್ಮನಿಗೆ ಹೇಳಿ ಬಸ್ಸು ಹತ್ತಿದೆ. ಪಕ್ಕದ ಮನೆಗೆ ಹೇಳುವಷ್ಟು ಧೈರ್ಯ ಬರಲಿಲ್ಲ. ಪ್ರೊಫೆಸರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಂದವು. ನನಗೆ ಪಿಎಚ್‌ಡಿ ಸಂದಿತು.

ಸಮಿತಿಗೆ ಹೋದ ಆ ವರದಿ ಈಗಲೂ ನನ್ನ ಬಳಿ ಇದೆ. ಮೊದಲ ಪುಟದಲ್ಲೇ ನಾನು ತೆಗೆದ ಫೋಟೋ, ಕೆಳಗೆ "ಪುಡಿ ಹಾಕಿದ ಹುಳುಗಳು" ಎಂಬ ಹಸಿಸುಳ್ಳು. ಹುಳುಗಳೆಲ್ಲ ತಲೆಯೆತ್ತಿ ಕೂತಿವೆ. ನಾಲ್ಕು ಜ್ವರ ಮುಗಿದ ಹುಳು ಮೇವಿನ ಮೇಲೆ ಹೀಗೇಕೆ ಕೂತಿದೆ ಎಂದು ಸಾದಲಿಯ ಯಾವ ಹೆಂಗಸಾದರೂ ಕೇಳಿಯಾಳು. ಸಮಿತಿಯ ಏಳು ಮಂದಿ ಡಾಕ್ಟರೇಟುಗಳಲ್ಲಿ ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅದೂ ನನಗೆ ಗೊತ್ತಿಲ್ಲ.